ಹಣಿಗೆಗೇರಿಯ ವಾಸನೆ ದಫ್ತರ

ಪುರಸಭೆಯಲ್ಲಿ ನನ್ನ ಹುದ್ದೆಯ ಹೆಸರು ವಾಸನೆ ಗುಮಾಸ್ತ. ನಗುವವರು ನಗಲಿ, ಮೂವತ್ತೆರಡು ವರ್ಷದಿಂದ ಈ ಕೆಲಸ ಮಾಡಿಯೇ ಹೆಂಡತಿ ಮಕ್ಕಳನ್ನು ಸಾಕಿದ್ದೇನೆ. ದಿನಾ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ದಫ್ತರವನ್ನು ಕಂಕುಳಲ್ಲಿಟ್ಟುಕೊಂಡು ಹಣಿಗೆಗೇರಿಗೆ ಹೋಗುವುದು, ಮನೆ ಮನೆಯ ಮುಂದೆ ನಿಂತು ಮೂಗೆಳೆಯುವುದು, ಬಂದ ವಾಸನೆಯನ್ನು ಬರೆದುಕೊಳ್ಳುವುದು, ಹನ್ನೊಂದೂಕಾಲಿಗೆ ವಾಸನೆ ನಿಂತ ಮೇಲೆ ಸಹಿ ಹಾಕಿ ಕಚೇರಿಗೆ ವಾಪಸಾಗುವುದು. ಒಂದನೇ ನಂಬರಿನ ಮನೆ, ಈರುಳ್ಳಿ ಒಗ್ಗರಣೆ. ಎರಡು, ಜೋಳದ ರೊಟ್ಟಿ. ಮೂರು, ಒಣಮೀನು. ಐವತ್ತು ವರ್ಷದಲ್ಲಿ ಒಂದು ದಿನವೂ ಬದಲಾಗಿಲ್ಲ. ಆದರೂ ಬರೆಯಬೇಕು, ನಿಯಮ ಹಾಗಿದೆ. ನನಗೆ ನೆಗಡಿ ಬಂದ ದಿನ ರಜೆ.

ಆ ಓಣಿಯಲ್ಲಿ ಹಿಂದೆ ಇದ್ದವರು ಹಣಿಗೆಯವರು. ದನದ ಕೊಂಬಿನಿಂದಲೂ ಕಟ್ಟಿಗೆಯಿಂದಲೂ ತಲೆ ಬಾಚುವ ಹಣಿಗೆ ಮಾಡಿ ಮಾರುತ್ತಿದ್ದರು. ಅವರ ದೇವರು ಬೇರೆ, ಹಬ್ಬ ಬೇರೆ, ಸತ್ತವರನ್ನು ಮಣ್ಣು ಮಾಡುವ ಜಾಗ ಬೇರೆ. ತಲೆ ಮಾತ್ರ ಊರಿನವರೆಲ್ಲ ಅವರ ಹಣಿಗೆಯಿಂದಲೇ ಬಾಚಿಕೊಳ್ಳುತ್ತಿದ್ದರು. ಐವತ್ತು ವರ್ಷದ ಹಿಂದೆ ಒಂದು ಬುಧವಾರ, ಬೆಳಗಿನ ಹತ್ತೂ ಮುಕ್ಕಾಲಿಗೆ ಶುರುವಾಗಿ ಹನ್ನೊಂದೂಕಾಲರ ಒಳಗೆ, ಅವರಲ್ಲಿ ಮುನ್ನೂರ ಹನ್ನೆರಡು ಜನರನ್ನು ಕೊಂದದ್ದಾಯಿತು. ಕೊಂದವರು ಯಾರು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅದಾದ ಮೇಲೆ ಒಂದು ವರ್ಷ ಊರಿಗೆ ಹಣಿಗೆ ಸಿಗಲಿಲ್ಲ. ಪ್ಲಾಸ್ಟಿಕ್ ಹಣಿಗೆ ಬರುವ ತನಕ ಹೆಂಗಸರು ಕೆದರಿದ ತಲೆಯಲ್ಲೇ ಓಡಾಡಿದರಂತೆ, ಮಕ್ಕಳ ತಲೆಯಲ್ಲಿ ಹೇನು ಆದವಂತೆ. ಆ ಬುಧವಾರದ ಕಷ್ಟನಷ್ಟ ಏನೆಂದು ಕೇಳಿದರೆ ಊರಿನ ಹಿರಿಯರು ಮೊದಲು ಹೇಳುವುದು ಇದನ್ನೇ.

ಮನೆಗಳನ್ನು ಖಾಲಿ ಬಿಡಬಾರದಲ್ಲ. ಅದಕ್ಕೆ ಊರವರೇ ದೊಡ್ಡ ಮನಸ್ಸು ಮಾಡಿ ಬಂದು ತುಂಬಿಕೊಂಡರು. ಮರುದಿನ ಹತ್ತೂ ಮುಕ್ಕಾಲಿಗೆ, ಯಾರೂ ಒಲೆ ಹಚ್ಚದಿದ್ದರೂ, ಮನೆ ಮನೆಯಲ್ಲೂ ಆ ಬುಧವಾರದ ಅಡುಗೆಯ ವಾಸನೆ ಎದ್ದಿತು. ಸುಣ್ಣ ಬಳಿಸಿದರು, ಸಾಂಬ್ರಾಣಿ ಹಾಕಿದರು, ಹಳೆಯ ಒಲೆ ಕಿತ್ತು ಹೊಸ ಒಲೆ ಹಾಕಿಸಿದರು. ವಾಸನೆ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ರೂಢಿಯಾಯಿತು. ಮಾವಿನಕಾಯಿ ಸಾರಿನ ವಾಸನೆ ಬರುವ ಮನೆಯಲ್ಲಿ ಒಬ್ಬರು ಖಾನಾವಳಿ ಇಟ್ಟರು, ಮಸಾಲೆ ಅಷ್ಟು ಹಾಕದಿದ್ದರೂ ನಡೆಯುತ್ತದೆ. ಓಣಿಯ ಹಿಂದಿನ ಶಾಲೆಯವರು ಮಕ್ಕಳು ಹಸಿವು ತಾಳುವುದಿಲ್ಲವೆಂದು ಊಟದ ಬಿಡುವನ್ನು ಹನ್ನೊಂದಕ್ಕೆ ತಂದರು. ಬಯಕೆಯ ಬಸುರಿಯರನ್ನು ಈ ಓಣಿಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಹೆಣ್ಣು ನೋಡಲು ಬಂದವರು ಕುಲಗೋತ್ರದ ಜೊತೆಗೆ ‘ನಿಮ್ಮದು ಯಾವ ವಾಸನೆ ಮನೆ’ ಎಂದೂ ವಿಚಾರಿಸುತ್ತಾರೆ. ಒಣಮೀನಿನ ಮನೆ ಪಾಲಿಗೆ ಬಂದವರು ಮಾತ್ರ ಬೆಳ್ಳುಳ್ಳಿಯನ್ನೂ ಮುಟ್ಟದ ಮಡಿವಂತರು. ದಿನಾ ಅರ್ಧ ಗಂಟೆ ಮನೆಗೆ ಬೀಗ ಹಾಕಿ ಗುಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಆ ಬುಧವಾರದಿಂದ ಅವರಿಗೆ ಎಂಥ ಅನ್ಯಾಯವಾಯಿತು ಎಂದು ಊರಿಗೆ ಊರೇ ಮರುಗುತ್ತದೆ.

ಇಂಥ ಊರಿಗೆ ವಿದ್ವಾಂಸರು ಬಾರದೆ ಇರುತ್ತಾರೆಯೇ? ಬಂದರು. ನಾನು ಕಂಡಂತೆ ಮೊದಲು ಬಂದವರು ಆ ಬುಧವಾರವನ್ನು ನರಮೇಧ ಎನ್ನಬಹುದೋ ಬಾರದೋ ಎಂದು ಎರಡು ದಿನ ಗೋಷ್ಠಿ ಮಾಡಿದರು. ನರಮೇಧ ಎನ್ನಲು ಎಷ್ಟು ಜನ ಸಾಯಬೇಕು, ಎಷ್ಟು ಹೊತ್ತಿನಲ್ಲಿ ಸಾಯಬೇಕು, ಸಾಯಿಸುವವರು ಮೊದಲೇ ಸಭೆ ಸೇರಿ ಗೊತ್ತುವಳಿ ಬರೆದುಕೊಂಡಿರಬೇಕೋ ಎಂದೆಲ್ಲ ಚರ್ಚೆಯಾಯಿತು. ತೀರ್ಮಾನವಾಗಲಿಲ್ಲ, ಊಟ ಚೆನ್ನಾಗಿತ್ತು. ಆಮೇಲೆ ಬಂದವರೊಬ್ಬರು ವಾಸನೆ ಎಂಬುದೇ ಇಲ್ಲ, ಅದು ಸಮುದಾಯದ ಕಲ್ಪನೆ ಎಂದು ಬರೆದರು. ಅವರಿಗೆ ಹೊಟ್ಟೆ ಹಸಿದದ್ದು ಮಾತ್ರ ಕಲ್ಪನೆಯಾಗಿರಲಿಲ್ಲ. ಕೊನೆಗೆ ಬಂದು ಬೇರುಬಿಟ್ಟವರು ಪ್ರೊಫೆಸರ್ ಪದ್ಮರಾಜರು. ಅವರದು ಲೆಕ್ಕದ ಶಾಸ್ತ್ರ. ಓಣಿಯಲ್ಲಿ ಅರವತ್ತೊಂದು ಮನೆ, ವಾಸನೆ ಬರುವುದು ಐವತ್ತೆರಡರಲ್ಲಿ, ಆದ್ದರಿಂದ ನಿರ್ವಿವಾದವಾಗಿ ಸತ್ತದ್ದು ಐವತ್ತೆರಡು ಮನೆಯವರು. ಆ ದಿನ ಉಪವಾಸವಿದ್ದವರು, ಮನೆಯಲ್ಲಿ ಹಿಟ್ಟಿಲ್ಲದೆ ಒಲೆ ಹಚ್ಚದವರು ಪ್ರೊಫೆಸರರ ಪುಸ್ತಕದಲ್ಲಿ ಸತ್ತೇ ಇಲ್ಲ. ಅವರ ಪುಸ್ತಕಕ್ಕೆಲ್ಲ ಆಧಾರ ನನ್ನ ದಫ್ತರ. ಮುನ್ನುಡಿಯ ಕೊನೆಯ ಸಾಲಿನಲ್ಲಿ ನನಗೂ ಒಂದು ಕೃತಜ್ಞತೆ ಇದೆ, ಹೆಸರು ತಪ್ಪಾಗಿ ಅಚ್ಚಾಗಿದೆ.

ಈ ಕೆಲಸ ನನಗೆ ಅನುಕಂಪದ ಆಧಾರದ ಮೇಲೆ ಸಿಕ್ಕಿದ್ದು. ನನ್ನ ತಂದೆ ಅಡಿವೆಪ್ಪ ಇದೇ ಪುರಸಭೆಯಲ್ಲಿ ಜವಾನರಾಗಿದ್ದರು. ಡಾಂಬರಿನ ಡಬ್ಬಿ, ಕುಂಚ ಹಿಡಿದು ಮನೆಗಳ ಗೋಡೆಗೆ ನಂಬರು ಬರೆಯುವುದು ಅವರ ಕೆಲಸ. ಸೇವೆಯಲ್ಲಿದ್ದಾಗಲೇ ತೀರಿಕೊಂಡರು, ಇಪ್ಪತ್ತರ ಹುಡುಗನಾಗಿದ್ದ ನನ್ನನ್ನು ಪುರಸಭೆ ಕೈಬಿಡಲಿಲ್ಲ. ಹಣಿಗೆಗೇರಿಯ ಯಾವ ಕಡತದಲ್ಲಿ ಹುಡುಕಿದರೂ ಅನುಕಂಪ ಎಂಬ ಪದ ನನ್ನ ನೇಮಕದ ಆದೇಶದಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ.

ಐವತ್ತು ವರ್ಷ ತುಂಬಿದ್ದಕ್ಕೆ ಓಣಿಯ ಬಾಯಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸಬೇಕೆಂದು ಸ್ಮರಣ ಸಮಿತಿ ತೀರ್ಮಾನಿಸಿತು. ಸಮಿತಿಯ ಅಧ್ಯಕ್ಷರು ಚಂದ್ರಾಮಪ್ಪನವರು, ಮಾವಿನಕಾಯಿ ಸಾರಿನ ಖಾನಾವಳಿಯ ಮಾಲೀಕರು. ಕಲ್ಲಿನ ಬರಹ ಪ್ರೊಫೆಸರರದು: ‘ಈ ಸ್ಥಳದಲ್ಲಿ ಅಪರಿಚಿತರ ಗುಂಪೊಂದು ಐವತ್ತೆರಡು ಮನೆಗಳ ಜನರನ್ನು ಕೊಂದಿತು. ಅವರನ್ನು ಊರು ನೆನೆಯುತ್ತದೆ.’ ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತೆಂದು ಗೊರಸಿನ ಗುರುತು ನೋಡಿ ಹೇಳುವ ನಮ್ಮೂರಿಗೆ ಆ ಅರ್ಧ ಗಂಟೆ ಮಾತ್ರ ಎಲ್ಲರೂ ಅಪರಿಚಿತರಾಗಿದ್ದರು. ಅನಾವರಣದ ವೇದಿಕೆಯ ಮೇಲೆ ಬದುಕುಳಿದವರು ಒಬ್ಬರಾದರೂ ಇರಬೇಕು, ಫೋಟೋಗೆ ಶೋಭೆ ಎಂದು ಅಧ್ಯಕ್ಷರು ಹೇಳಿದರು. ಹುಡುಕಿ ನೋಡಿದರೆ ಜೀವಂತ ಉಳಿದಿದ್ದವರು ಒಬ್ಬರೇ, ತಂಗೆವ್ವ. ಆ ದಿನ ಒಂಬತ್ತು ವರ್ಷದವರು, ಹಿತ್ತಲ ಗೋಡೆ ಹಾರಿ ಪಾರಾದವರು. ದೂರದ ಊರಿನಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದು, ಹೊಲಿಗೆ ಮಾಡಿಕೊಂಡು ಇದ್ದರು. ಐವತ್ತು ವರ್ಷದಲ್ಲಿ ಒಮ್ಮೆಯೂ ಈ ಕಡೆ ಕಾಲಿಟ್ಟಿರಲಿಲ್ಲ.

ಅನಾವರಣದ ಹಿಂದಿನ ದಿನ ನಸುಕಿನ ಬಸ್ಸಿಗೆ ಬಂದರು. ಶಾಲು ಹೊದಿಸಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದರೆ, ಕಲ್ಲಿನ ಬರಹ ಓದಿ ತೋರಿಸಿ ಎಂದರು. ಓದಿ ಹೇಳಿದೆವು. ಹಾಗಿದ್ದರೆ ನಾನೊಂದು ಮಾತು ಹೇಳಬೇಕು ಎಂದರು. ಅಂದೇ ಬೆಳಿಗ್ಗೆ ಒಂಬತ್ತೂವರೆಗೆ ಪುರಸಭೆಯ ಸಭಾಂಗಣದಲ್ಲಿ ಸಮಿತಿ ಕೂತಿತು.

“ನಮ್ದು ಹದಿನೇಳನೇ ನಂಬರ್ ಮನಿ,” ಎಂದರು ತಂಗೆವ್ವ. “ನಮ್ಮವ್ವ ಒಲಿ ಮ್ಯಾಲ ಗೋದಿ ಹುಗ್ಗಿ ಇಟ್ಟಿದ್ಲು. ನಮ್ಮಪ್ಪ ಒಳಗ ಕೊಂಬು ಉಜ್ಜಾಕತ್ತಿದ್ದ. ನಾ ಬಾಗಲ್ದಾಗ ಕುಂತಿದ್ದೆ. ಓಣ್ಯಾಗ ಜನಾ ಬಂದ್ರು, ನಂಬರ್ ಬರಿಯೋ ಅಡಿವೆಪ್ಪ ಮುಂದ. ಯಾ ಮನ್ಯಾಗ ಎಷ್ಟು ಮಂದಿ ಅದಾರ ಅಂತ ಅವಂಗ ಪಾಠ ಇತ್ತು. ನನ್ನ ನೋಡಿ, ‘ತಂಗೀ, ನಿಮ್ಮಪ್ಪ ಅದಾನೇನವ್ವಾ ಮನ್ಯಾಗ’ ಅಂದ. ಅದಾನ ಅಂದೆ. ದಿನಾ ಮಾತಾಡ್ಸಾಂವ, ನಾ ಯಾಕ ಸುಳ್ಳು ಹೇಳ್ಲಿ? ಅಂವ ಹಿಂದಕ್ಕ ತಿರುಗಿ ಜನಕ್ಕ ಕೈ ಮಾಡಿದ.” ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಹೇಳಿದರು: “ಅಪರಿಚಿತರು ಅಂತ ಬರಿಬ್ಯಾಡ್ರಿ. ಅವನ ಹೆಸರು ಬರೀರಿ. ಅದಕ್ಕ ಅಂತನ ನಾ ಬಂದೀನಿ, ಶಾಲಿಗಲ್ಲ.”

ಸಭೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಇಷ್ಟು ಜನ ಇಷ್ಟು ಕಷ್ಟಪಟ್ಟು ನನ್ನನ್ನು ನೋಡದೆ ಇದ್ದದ್ದು ಅದೇ ಮೊದಲು. ಚಂದ್ರಾಮಪ್ಪನವರು ಪ್ರೊಫೆಸರರ ಮುಖ ನೋಡಿದರು.

“ಅಮ್ಮಾ, ನಿಮ್ಮ ನೋವಿನ ಬಗ್ಗೆ ನಮಗೆ ಅಪಾರ ಗೌರವ ಇದೆ,” ಎಂದು ಪದ್ಮರಾಜರು ಕನ್ನಡಕ ಒರೆಸಿಕೊಂಡರು. “ಆದರೆ ನೋವು ಬೇರೆ, ಪುರಾವೆ ಬೇರೆ. ನೋಡೋಣ. ಗುಮಾಸ್ತರೇ, ಹದಿನೇಳನೆಯ ಮನೆಯ ನಮೂದು ಓದಿ.”

ದಫ್ತರ ತೆರೆದು ಓದಿದೆ. “ಹದಿನೇಳು. ಮೆಂತೆ ಸೊಪ್ಪಿನ ಪಲ್ಯ.”

“ಯಾವತ್ತಾದರೂ ಹುಗ್ಗಿಯ ವಾಸನೆ ದಾಖಲಾಗಿದೆಯೇ?”

“ಹದಿನೇಳರಲ್ಲಿ ಇಲ್ಲ ಸಾರ್.”

“ನೋಡಿ ಅಮ್ಮಾ,” ಎಂದರು ಪ್ರೊಫೆಸರರು, ಮಗುವಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ. “ಆಘಾತವಾದಾಗ ನೆನಪು ಹೀಗೆ ಕಲಸಿಹೋಗುವುದು ಸಹಜ. ನಿಮ್ಮ ತಪ್ಪಲ್ಲ. ಆದರೆ ಹುಗ್ಗಿ ತಪ್ಪಾದ ಮೇಲೆ ಅಡಿವೆಪ್ಪನೂ ತಪ್ಪಿರಬಹುದಲ್ಲವೇ?”

ನಾನು ಓದಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ನನಗೆ ಗೊತ್ತಿದ್ದದ್ದು ಬೇರೆ. ಮನೆಗಳು ಖಾಲಿಯಾದ ಮೇಲೆ ಊರವರಿಗೆ ಹಂಚಲು ಹೊಸ ನಂಬರು ಬೇಕಾಗಿತ್ತು. ಹಳೆಯ ನಂಬರು ಕೆರೆಯ ಕಡೆಯಿಂದ ಶುರುವಾಗುತ್ತಿತ್ತು. ನನ್ನ ತಂದೆ ಹೊಸದನ್ನು ಬಸ್ ಸ್ಟ್ಯಾಂಡಿನ ಕಡೆಯಿಂದ ಬರೆದರು. ತಪ್ಪಾಯಿತೆಂದು ಹೇಳಲು ಹಳೆಯ ನಂಬರು ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ಕೆರೆಯಿಂದ ಎಣಿಸಿದರೆ ಹದಿನೇಳನೆಯದು ಈಗಿನ ನಲವತ್ತೈದು. ದಫ್ತರದಲ್ಲಿ ನಲವತ್ತೈದರ ಮುಂದೆ ಮೂವತ್ತೆರಡು ವರ್ಷದಿಂದ ‘ಗೋದಿ ಹುಗ್ಗಿ’ ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ. ಅದನ್ನು ಬರೆಯಲು ನಾನು ಬೀದಿಯಲ್ಲಿ ನಿಲ್ಲಬೇಕಾದ ಅಗತ್ಯವೂ ಇಲ್ಲ, ಅದು ನನ್ನ ಮನೆ. ನಾನು ಎರಡು ವರ್ಷದವನಿದ್ದಾಗ ನಮ್ಮವ್ವ ನನ್ನನ್ನು ಎತ್ತಿಕೊಂಡು ಆ ಮನೆ ಹೊಕ್ಕಳಂತೆ. ಅಂದಿನಿಂದ ದಿನಾ ಮೂಗಿಗೆ ಬೆಲ್ಲ, ಏಲಕ್ಕಿ ಬಡಿಸಿಕೊಂಡು ಬೆಳೆದವನು ನಾನು. ಸಮಿತಿಯವರು ಕೇಳಿದ್ದು ಹದಿನೇಳರ ಬಗ್ಗೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಗುಮಾಸ್ತನ ಧರ್ಮ ಎಂದು ಸುಮ್ಮನೆ ಕೂತೆ.

ಬರಹ ಇದ್ದ ಹಾಗೇ ಇರಲಿ ಎಂದು ಸಭೆ ಮುಗಿಯಿತು. ಮೆಟ್ಟಿಲಿಳಿಯುವಾಗ ತಂಗೆವ್ವ ನನ್ನ ತೋಳು ಮುಟ್ಟಿದರು. “ತಮ್ಮಾ, ನೀ ಹೆಂಗೂ ಮೂಸಾಕ ಹೊಂಟೀಯಲ್ಲ, ನನಗ ಆ ಹದಿನೇಳರ ಮನಿ ತೋರಸ್ತೀಯೇನು?” ಇಲ್ಲ ಎನ್ನಲು ನೆವ ಸಿಗಲಿಲ್ಲ. “ಬರ್ರಿ ಅಕ್ಕಾರ,” ಎಂದೆ.

ನಾವು ಹೋಗುವಷ್ಟರಲ್ಲಿ ವಾಸನೆ ಎದ್ದಿತ್ತು. ಹದಿನೇಳರ ಮುಂದೆ ನಿಂತು ತಂಗೆವ್ವ ಕಣ್ಣು ಮುಚ್ಚಿದರು. ಒಳಗಿನಿಂದ ಆ ಮನೆಯಾಕೆ ಬಂದು, “ಕುಂದರ್ರಿ, ನಮ್ಮದು ಮೆಂತೆ ಪಲ್ಲೆ, ತಂಪು,” ಎಂದು ಉಪಚಾರ ಮಾಡಿದಳು. “ಇದು ಅಲ್ಲ,” ಎಂದರು ತಂಗೆವ್ವ. “ಇದು ಈರಭದ್ರಕಾಕಾನ ಮನಿ. ಅವರ ಹಿತ್ಲಾಗ ಮೆಂತೆ ಹಾಕಿದ್ರು.” ಓಣಿಯ ಆ ತುದಿ, ಈ ತುದಿ ನೋಡಿ ನನ್ನನ್ನು ಕೇಳಿದರು: “ತಮ್ಮಾ, ಎಣಿಕಿ ಎಲ್ಲಿಂದ ಹಿಡಿದೀರಿ? ನಾವು ಕೆರಿ ಕಡಿಂದ ಎಣಸ್ತಿದ್ವಿ.”

ಮೊದಲಿನಿಂದಲೂ ಹೀಗೇ ಇದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಐವತ್ತು ವರ್ಷ ಊರು ನನಗೆ ಅದನ್ನೇ ಕಲಿಸಿದ್ದು. ಅದನ್ನು ಹೇಳದೆ ದಫ್ತರ ಮಡಚಿದೆ. ಅವರು ಕೆರೆಯ ತುದಿಗೆ ಹೋಗಿ ಅಲ್ಲಿಂದ ಎಣಿಸುತ್ತ ಬಂದರು, ಒಂದೊಂದು ಮನೆಯ ಬಾಗಿಲ ಚೌಕಟ್ಟನ್ನೂ ಮುಟ್ಟುತ್ತ, ಅಲ್ಲಿದ್ದವರ ಹೆಸರು ಹೇಳುತ್ತ. ವಾಸನೆ ಇಲ್ಲದ ಒಂದು ಮನೆಯ ಮುಂದೆಯೂ ನಿಂತರು. “ಇದು ನಾಗವ್ವಾಯಿ ಮನಿ. ಆಯಿ, ಮಗ, ಸೊಸಿ, ತೊಟ್ಟಲದಾಗ ಒಂದು ಕೂಸು. ಬುಧವಾರ ಅವರ ಮನ್ಯಾಗ ಎಲ್ಲಾರೂ ಒಪ್ಪತ್ತು, ಸಂಜೀಕ ಒಲಿ ಹಚ್ತಿದ್ರು.” ಆ ಮನೆಯ ಮುಂದೆ ದಫ್ತರದಲ್ಲಿ ನಾನು ಬರೆಯುತ್ತ ಬಂದದ್ದು ‘ಏನೂ ಇಲ್ಲ’ ಎಂದು. ನನಗೆ ನಾಚಿಕೆಯಾಯಿತು. ಮೂಗು ಇಷ್ಟು ಚುರುಕಾಗಿದ್ದರೂ ಒಂದು ದಿನ ಈ ಬಗ್ಗೆ ಯೋಚಿಸಿರಲಿಲ್ಲ.

ಹದಿನಾರಾಯಿತು. ಹದಿನೇಳನೆಯ ಬಾಗಿಲ ಪಕ್ಕ ಕರಿಕಲ್ಲಿನಲ್ಲಿ ಕೆತ್ತಿಸಿದ ಹೆಸರಿತ್ತು. ತಂಗೆವ್ವ ಅಕ್ಷರ ಅಕ್ಷರ ಕೂಡಿಸಿ ಓದಿದರು. “ಅಡಿವೆಪ್ಪ ನಿಲಯ.” ಆಮೇಲೆ ನನ್ನ ಕಡೆ ತಿರುಗಿದರು. “ಮುಂಜಾನೆ ನಿನ್ನ ಹೆಸರು ಪರಪ್ಪ ಅಂದ್ರಲ್ಲ. ಪರಪ್ಪ, ಅಪ್ಪನ ಹೆಸರು?”

“ಓದಿದ್ರಲ್ಲಾ ಅಕ್ಕಾರ, ಅದನ,” ಎಂದೆ.

ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ಕಲ್ಲು ಎತ್ತಿ ಹಾಕುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಹೆಂಡತಿ ಸುವರ್ಣಾ, ಗಂಡ ಯಾರನ್ನೋ ಅತಿಥಿ ಕರೆತಂದಿದ್ದಾನೆಂದು ಬಗೆದು, ಕಾಲಿಗೆ ನೀರು ತಂದಳು. ತಂಗೆವ್ವ ಕಾಲು ತೊಳೆದು ಒಳಗೆ ಬಂದರು. ಯಾರೂ ತೋರಿಸದಿದ್ದರೂ ಪಡಸಾಲೆ ದಾಟಿ ಎಡಕ್ಕೆ ತಿರುಗಿ ನೇರ ಅಡುಗೆಮನೆಗೆ ಹೋಗಿ ನಿಂತರು. ಬೆಲ್ಲದ ಘಮ ಅಲ್ಲಿ ದಟ್ಟವಾಗಿತ್ತು. ಹನ್ನೊಂದೂ ಹತ್ತಾಗಿರಬೇಕು, ದಿನಾ ಆ ಹೊತ್ತಿಗೆ ಬರುವ ಹಾಗೆ ಘಮದ ಅಡಿಯಿಂದ ಸೀದ ವಾಸನೆ ಏಳತೊಡಗಿತು.

“ಬೆಂಕಿ ತಗೀರಿ,” ಎಂದು ತಂಗೆವ್ವ ಥಟ್ಟನೆ ಒಲೆಯ ಕಡೆ ಬಾಗಿದರು. “ತಳಾ ಹತ್ತಾಕತ್ತೈತಿ, ಬೆಂಕಿ ತಗೀರಿ.” ಗ್ಯಾಸ್ ಒಲೆ ಆರಿತ್ತು, ಅದರ ಮೇಲೆ ಏನೂ ಇರಲಿಲ್ಲ.

ಸುವರ್ಣಾ ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. “ಇರಲಿ ಬಿಡ್ರಿ ಅಕ್ಕಾರ, ಅದು ದಿನಾ ಹತ್ತೂದನ. ನಮ್ಮನ್ಯಾಗ ಹುಗ್ಗಿ ಮಾಡೋದ ಹಂಗ. ನಮ್ಮತ್ತಿ ಕಲಿಸಿ ಹೋಗ್ಯಾರ, ಕಡೀಕ ಕೈ ಆಡಸ್ದ ಬಿಟ್ಟು ತಳಾ ಹತ್ತಿಸಬೇಕು. ಇಲ್ಲಾಂದ್ರ ಇವ್ರಿಗೂ ಮಕ್ಕಳಿಗೂ ಹುಗ್ಗಿ ಅನ್ಸೂದ ಇಲ್ಲ.”

“ನಮ್ಮವ್ವ ಎಂದೂ ತಳಾ ಹತ್ತಿಸಿದಾಕಿ ಅಲ್ಲ,” ಎಂದರು ತಂಗೆವ್ವ. ಒಲೆಯ ಮುಂದೆ ನೆಲಕ್ಕೆ ಕೂತುಬಿಟ್ಟರು.

ನನ್ನ ಪ್ರತಿ ಹುಟ್ಟುಹಬ್ಬಕ್ಕೂ ನಮ್ಮವ್ವ ಹುಗ್ಗಿ ಮಾಡಿ, ಮರೆಯದೆ ತಳ ಹತ್ತಿಸಿ, ಮನೆಯ ವಾಸನೆಗೆ ಸರಿಹೊಂದಿತೇ ಎಂದು ಮೂಸಿ ನೋಡಿ ಬಡಿಸುತ್ತಿದ್ದಳು. ನಾನು ಬಟ್ಟಲು ನೆಕ್ಕುತ್ತಿದ್ದೆ. ಹುಗ್ಗಿ ಹಾಗಿರಬೇಕೆಂದೇ ತಿಳಿದಿದ್ದೆವು. ಕೈಯಾಡಿಸುತ್ತಿದ್ದ ಹೆಂಗಸನ್ನು ಒಲೆಯ ಮುಂದಿನಿಂದ ಎಳೆದುಕೊಂಡು ಹೋದದ್ದರಿಂದ ಅದು ಸೀದದ್ದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಮ್ಮಪ್ಪನಿಗೆ ಹೊಳೆದಿರಬೇಕು. ಅವರು ಮಾತ್ರ ಹುಗ್ಗಿ ತಿನ್ನುತ್ತಿರಲಿಲ್ಲ, ಸಿಹಿ ಸೇರುವುದಿಲ್ಲ ಎನ್ನುತ್ತಿದ್ದರು. ತಂಗೆವ್ವನ ಪಕ್ಕ ಕೂತು ನಾನು ಅತ್ತೆ. ಅವರು ಅಳಲಿಲ್ಲ. ವಾಸನೆ ನಿಂತ ಮೇಲೆ ಸೆರಗು ಝಾಡಿಸಿ ಎದ್ದು, “ನಾಳೆ ಆ ಕಲ್ಲಿನ ಮುಂದ ನಿಂತು ಏನು ಹೇಳ್ತಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟರು.

ಮಧ್ಯಾಹ್ನವೇ ಚಂದ್ರಾಮಪ್ಪನವರ ಖಾನಾವಳಿಗೆ ಹೋಗಿ ನಂಬರಿನ ವಿಷಯ, ಹುಗ್ಗಿಯ ವಿಷಯ ಎಲ್ಲ ಹೇಳಿದೆ. ನಮ್ಮಪ್ಪನ ಹೆಸರು ಬರೆಸಿ ಎಂದೆ. ಅವರು ನನ್ನ ಬೆನ್ನು ಸವರಿದರು.

“ಪರಪ್ಪಾ, ಇದನ್ನ ಹೇಳಾಕ ಬಿಸಲಾಗ ಬಂದ್ಯಾ? ಊರಿಗೆಲ್ಲಾ ಗೊತ್ತಿದ್ದದ್ದ ಐತಿ. ಅಪರಿಚಿತರು ಅಂತ ಯಾಕ ಬರಸೀವಿ, ನಿನ್ನ ಮಕ್ಕಳ ಮಾರಿ ನೋಡಿ ಬರಸೀವಿ. ಮತ್ತ ನಿಮ್ಮಪ್ಪ ಒಬ್ಬನ ಏನು? ಅಂವ ಬರೇ ಮನಿ ತೋರ್ಸಿದಾಂವ. ಮುಂದಿನ ಕೆಲಸ ಮಾಡಿದಾಂವರು ನಮ್ಮಪ್ಪ, ನಮ್ಮ ಕಾಕಾ, ಎಲ್ಲಾರ ಮನ್ಯಾಗಿನವರು. ಒಂದು ಹೆಸರು ಬರದ್ರ ಎಲ್ಲಾ ಬರೀಬೇಕಾಗ್ತೈತಿ. ಅಷ್ಟು ದೊಡ್ಡ ಕಲ್ಲು ಎಲ್ಲಿಂದ ತರೂಣು?” ಎಂದು, ಊಟ ಮಾಡಿ ಹೋಗು ಎಂದು ಒತ್ತಾಯ ಮಾಡಿದರು.

ಮರುದಿನ ಅನಾವರಣ. ಶಾಮಿಯಾನ, ಬ್ಯಾಂಡು, ಶಾಲೆಯ ಮಕ್ಕಳು. ತಂಗೆವ್ವನನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಫೋಟೋ ತೆಗೆದರು. ಪ್ರೊಫೆಸರರು ಮುಕ್ಕಾಲು ಗಂಟೆ ಮಾತಾಡಿದರು. ಬದುಕುಳಿದವರ ನೆನಪನ್ನು ನಾವು ಗೌರವಿಸಬೇಕು, ಆದರೆ ನಂಬುವ ಮೊದಲು ಪರಿಶೀಲಿಸಬೇಕು ಎಂದರು. ಅಧ್ಯಕ್ಷರು ಪರದೆ ಎಳೆದರು. ನಮ್ಮ ಕಡೆ ಯಾವ ಕಲ್ಲು ನಿಂತರೂ ಅದರ ಬರಹವನ್ನು ಪುರಸಭೆಯ ಗುಮಾಸ್ತ ಜನರಿಗೆ ಓದಿ ಹೇಳಬೇಕು, ಓದಿದ್ದು ಮುಗಿದ ಕೂಡಲೇ ಜನ ಚಪ್ಪಾಳೆ ತಟ್ಟಬೇಕು. ನನ್ನ ಕೈಗೆ ಮೈಕು ಬಂತು.

‘ಈ ಸ್ಥಳದಲ್ಲಿ’ ಎಂಬುದನ್ನು ಕಲ್ಲು ನೋಡಿಯೇ ಓದಿದೆ. ಮುಂದಿನದನ್ನು ನೋಡದೆ ಓದಿದೆ: “ನನ್ನ ತಂದೆ ಅಡಿವೆಪ್ಪ ಮುಂದೆ ನಿಂತು ಮನೆ ತೋರಿಸಿದ ನಮ್ಮೂರಿನ ಜನ, ಅರವತ್ತೊಂದು ಮನೆಗಳ ಜನರನ್ನು ಕೊಂದರು.”

ಜೋರು ಚಪ್ಪಾಳೆ ಬಿತ್ತು. ಜನ ಹೊರಡಲೆಂದು ಅರ್ಧ ಎದ್ದೂ ಆಗಿತ್ತು, ಕೇಳಿಸಿಕೊಂಡವರು ಯಾರು? ಪ್ರೊಫೆಸರರು ಮಾತ್ರ ಬಾಗಿ ಕಲ್ಲಿನ ಮೇಲೆ ನಿಜವಾಗಿಯೂ ಹಾಗೆ ಕೆತ್ತಿದೆಯೇ ಎಂದು ಪರಿಶೀಲಿಸುತ್ತಿದ್ದರು. ಚಂದ್ರಾಮಪ್ಪನವರು ಮೈಕಿನವನಿಗೆ ಸನ್ನೆ ಮಾಡಿದರು, ಮೈಕು ಸತ್ತಿತು. ಮೊದಲ ಸಾಲಿನಲ್ಲಿ ತಂಗೆವ್ವ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಎದ್ದು ನಿಂತಿದ್ದರು.

“ಚಪ್ಪಾಳ್ಯಾಗ ಸರಿ ಕೇಳಲಿಲ್ಲ ತಮ್ಮಾ,” ಎಂದರು. “ಇನ್ನೊಮ್ಮೆ ಓದು.”

ಗಂಟಲು ಹರಿದುಹೋಗುವ ಹಾಗೆ ಇನ್ನೊಮ್ಮೆ ಓದಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.